ದುಬೈ, ಯುಕೆ, ಜರ್ಮನಿ, ನೆದರ್ಲೆಂಡ್ಸ್: ಗಂಡ ಹೆಂಡತಿ ಇಬ್ರೂ ಶಿಫ್ಟ್ ಆಗೋಕೆ ನಿಜವಾಗ್ಲೂ ಎಷ್ಟು ದುಡ್ಡು ಬೇಕು

ಹೊರದೇಶದಿಂದ ಆಫರ್ ಬಂದ ತಕ್ಷಣ ಎಲ್ರೂ ಮೊದಲು ಮಾಡೋದು ಒಂದೇ, ಆ ಸಂಬಳನ ರೂಪಾಯಿಗೆ ಗುಣಿಸಿ ನೋಡೋದು. ತಿಂಗಳಿಗೆ ಇಷ್ಟು ಲಕ್ಷ ಬರತ್ತೆ, ಎರಡು ವರ್ಷದಲ್ಲಿ ಮನೆ ಸಾಲ ತೀರಿಸಿಬಿಡ್ಬೋದು ಅಂತ ಲೆಕ್ಕ ಹಾಕ್ತಾರೆ. ಒಂಟಿಯಾಗಿ ಹೋಗೋರಿಗೆ ಈ ಲೆಕ್ಕ ಹೇಗೋ ನಡೆಯತ್ತೆ. ಜೋಡಿಯಾಗಿ ಹೋಗೋರಿಗೆ ನಡೆಯಲ್ಲ, ಯಾಕಂದ್ರೆ ಇಲ್ಲಿ ಬೆಂಗ್ಳೂರಲ್ಲೋ ಮೈಸೂರಲ್ಲೋ ಇಬ್ರೂ ದುಡೀತಿರ್ತಾರೆ, ಅಲ್ಲಿಗೆ ಹೋಗೋವಾಗ ಆಫರ್ ಇರೋದು ಒಬ್ರಿಗೆ ಮಾತ್ರ, ಇನ್ನೊಬ್ರ ಸಂಬಳ ವಿಮಾನ ಹತ್ತಿದ ದಿನವೇ ನಿಲ್ಲತ್ತೆ. ಅದನ್ನ ಖರ್ಚು ಅಂತ ಯಾರೂ ಬರೆದಿಡಲ್ಲ, ಆದ್ರೆ ನಿಮ್ಮ ಇಡೀ ಬಜೆಟ್‌ನಲ್ಲಿ ಅದೇ ಅತಿ ದೊಡ್ಡ ಖರ್ಚು.

ಅದಕ್ಕೇ ದೇಶ ಯಾವ್ದು ಅಂತ ನೋಡೋ ಮುಂಚೆ ನಾಲ್ಕು ವಿಷಯ ಪಕ್ಕಾ ಮಾಡ್ಕೊಳ್ಳಿ. ಮೊದಲನೇದು, ಅಲ್ಲಿ ಮೊದಲ ಸಂಬಳ ಕೈಗೆ ಬರೋ ಮುಂಚೆ ನಿಮ್ಮ ಜೇಬಿಂದ ಎಷ್ಟು ಹೋಗತ್ತೆ. ಎರಡನೇದು, ಒಂದೇ ಸಂಬಳದಲ್ಲಿ ಇಬ್ರ ಜೀವನ ನಡೆದು ಊರಿನ ಇಎಂಐ ಕಟ್ಟೋಕೆ ಏನಾದ್ರೂ ಉಳಿಯತ್ತಾ. ಮೂರನೇದು, ಎರಡನೇ ಸಂಬಳ ಶುರು ಆಗೋಕೆ ಎಷ್ಟು ಕಾಲ ಬೇಕು, ಅದಕ್ಕೆ ಭಾಷೆ ಕಲಿಬೇಕಾ, ಪರ್ಮಿಟ್ ಬೇಕಾ. ನಾಲ್ಕನೇದನ್ನ ಯಾರೂ ಬಾಯಿಬಿಟ್ಟು ಕೇಳಲ್ಲ, ಎರಡು ವರ್ಷಕ್ಕೆ ವಾಪಸ್ ಬರಬೇಕಾಗಿ ಬಂದ್ರೆ ಹಾಕಿದ ದುಡ್ಡಲ್ಲಿ ಎಷ್ಟು ವಾಪಸ್ ಸಿಗತ್ತೆ, ಎಷ್ಟು ಪೂರ್ತಿ ಹೋದಂಗೆ.

ಲೆಕ್ಕಕ್ಕೆ ಸುಲಭ ಆಗ್ಲಿ ಅಂತ ಯೂರೋಗೆ 100, ಪೌಂಡಿಗೆ 120, ದಿರ್ಹಮ್‌ಗೆ 24 ರೂಪಾಯಿ ಅಂತ ಇಟ್ಕೊಂಡಿದೀನಿ. ಫೀಸು, ಟ್ಯಾಕ್ಸ್ ಎಲ್ಲಾ 2025ರ ದರ, ಪ್ರತಿ ವರ್ಷ ಬದಲಾಗತ್ತೆ, ಹಾಗಾಗಿ ಹೊರಡೋ ಮುಂಚೆ ಸರ್ಕಾರಿ ಸೈಟಲ್ಲಿ ಒಂದು ಸಲ ನೋಡ್ಕೊಳ್ಳಿ. ಬಾಡಿಗೆ ಮಾತ್ರ ನಾನು ಉದಾಹರಣೆಗೆ ಅಂತ ಹಿಡ್ಕೊಂಡ ಅಂಕಿ, ನಿಮ್ಮ ಏರಿಯಾದ ಬಾಡಿಗೆ ಹಾಕಿ ಅದೇ ಲೆಕ್ಕ ಮಾಡಿ.

ಮೊದಲು ದುಬೈ. ಟ್ಯಾಕ್ಸ್ ಇಲ್ಲ ಅನ್ನೋದೊಂದೇ ಎಲ್ರ ಬಾಯಲ್ಲೂ ಇರತ್ತೆ, ಅದು ನಿಜಾನೇ, ಸಂಬಳದ ಮೇಲೆ ಇನ್‌ಕಮ್ ಟ್ಯಾಕ್ಸ್ ಇಲ್ಲ, 15,000 ದಿರ್ಹಮ್ ಅಂದ್ರೆ 15,000 ಕೈಗೆ ಬರತ್ತೆ. ಆದ್ರೆ ಅಲ್ಲಿ ಬಾಡಿಗೆ ತಿಂಗಳ ಲೆಕ್ಕ ಅಲ್ಲ, ವರ್ಷದ ಲೆಕ್ಕ, ಕೊಡೋದು ಚೆಕ್‌ನಲ್ಲಿ, ಒಂದು ಚೆಕ್ಕೋ ಎರಡೋ ನಾಲ್ಕೋ ಅಂತ ಓನರ್ ಜೊತೆ ಮಾತಾಡಿ ಮುಂದಿನ ತಾರೀಕು ಹಾಕಿ ಮುಂಚೇನೇ ಕೊಟ್ಟುಬಿಡ್ಬೇಕು. ವರ್ಷಕ್ಕೆ 72,000 ದಿರ್ಹಮ್‌ನ ಸಿಂಗಲ್ ಬೆಡ್‌ರೂಮ್ ಮನೆ ಅಂತ ಇಟ್ಕೊಳ್ಳಿ. ನಾಲ್ಕು ಚೆಕ್ ಒಪ್ಪಿದ್ರೆ ಮೊದಲ ಚೆಕ್ 18,000. ಫರ್ನಿಚರ್ ಇಲ್ಲದ ಮನೆಗೆ ಡೆಪಾಸಿಟ್ ಸಾಮಾನ್ಯವಾಗಿ ಬಾಡಿಗೆಯ 5 ಪರ್ಸೆಂಟ್, ಏಜೆಂಟ್‌ಗೆ ಇನ್ನೊಂದು 5 ಪರ್ಸೆಂಟ್, ಎರಡೂ ಸೇರಿ 7,200. ಕರೆಂಟು ನೀರಿಗೆ ದೇವಾ ಅಂತಾರಲ್ಲ, ಅದರ ಡೆಪಾಸಿಟ್ ಅಪಾರ್ಟ್‌ಮೆಂಟ್‌ಗೆ 2,000. ಇಷ್ಟಕ್ಕೇ 27,200 ದಿರ್ಹಮ್, ಅಂದ್ರೆ ಆರೂವರೆ ಲಕ್ಷ ರೂಪಾಯಿ, ಇನ್ನೂ ಮನೆಗೆ ಒಂದು ಮಂಚ ಬಂದಿಲ್ಲ. ಓನರ್ ಒಂದೇ ಚೆಕ್ ಬೇಕು ಅಂತ ಕೂತ್ರೆ ಅದೇ ಮನೆಗೆ ಹತ್ತೊಂಬತ್ತೂವರೆ ಲಕ್ಷ. ಇದರ ಮೇಲೆ ವರ್ಷದ ಬಾಡಿಗೆಯ 5 ಪರ್ಸೆಂಟ್ ಹೌಸಿಂಗ್ ಫೀ ಅಂತ ಕರೆಂಟ್ ಬಿಲ್ಲಲ್ಲೇ ತಿಂಗಳು ತಿಂಗಳು ಸೇರಿ ಬರತ್ತೆ, ಈ ಮನೆಗೆ ತಿಂಗಳಿಗೆ 300. ಹೊಸಬರಿಗೆ ಎಮಿರೇಟ್ಸ್ ಐಡಿ ಬಂದು ಬ್ಯಾಂಕ್ ಅಕೌಂಟ್ ಆಗೋವರೆಗೂ ಚೆಕ್‌ಬುಕ್ಕೇ ಇರಲ್ಲ, ಅಲ್ಲಿವರೆಗೆ ಕಂಪನಿ ಇಳಿಸೋ ಜಾಗದಲ್ಲೋ ತಿಂಗಳ ಬಾಡಿಗೆಯ ಫರ್ನಿಶ್ಡ್ ರೂಮಲ್ಲೋ ಇರಬೇಕಾಗತ್ತೆ. ಕೆಲವು ಕಂಪನಿಗಳು ಬಾಡಿಗೆಗೆ ಅಂತ ಅಡ್ವಾನ್ಸ್ ಕೊಟ್ಟು ಸಂಬಳದಲ್ಲಿ ಹಿಡ್ಕೊಳ್ತಾರೆ, ಆಫರ್ ಮಾತಾಡೋವಾಗ್ಲೇ ಇದನ್ನ ಕೇಳಿ, ಸಂಬಳ ಐನೂರು ದಿರ್ಹಮ್ ಜಾಸ್ತಿ ಮಾಡಿಸಿಕೊಳ್ಳೋದಕ್ಕಿಂತ ಇದು ಎಷ್ಟೋ ಪ್ರಯೋಜನ.

ಸಂಗಾತೀನ ಸ್ಪಾನ್ಸರ್ ಮಾಡೋಕೆ ಬೇಕಾದ ಸಂಬಳ ಕಮ್ಮೀನೇ, 4,000 ದಿರ್ಹಮ್, ಅಥವಾ 3,000 ಜೊತೆ ವಸತಿ. ಆದ್ರೆ ಹೆಲ್ತ್ ಇನ್ಶೂರೆನ್ಸ್ ಕಡ್ಡಾಯ, ನಿಮ್ಮದು ಕಂಪನಿ ಮಾಡಿಸತ್ತೆ, ಹೆಂಡತಿದೋ ಗಂಡಂದೋ ನೀವೇ ಮಾಡಿಸಬೇಕಾಗ್ಬೋದು. ಇನ್ನೊಂದು ವಿಷಯ ಬೇಸಿಕ್. ವಾಪಸ್ ಬರೋವಾಗ ಸಿಗೋ ಗ್ರಾಚುಟಿ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಬೇಸಿಕ್ ಲೆಕ್ಕದಲ್ಲಿ ಬರತ್ತೆ. 15,000ದ ಪ್ಯಾಕೇಜಲ್ಲಿ ಬೇಸಿಕ್ 6,000 ಇದ್ರೆ ವರ್ಷಕ್ಕೆ 4,200 ದಿರ್ಹಮ್ ಕೂಡತ್ತೆ, ಬೇಸಿಕ್ 9,000 ಇದ್ರೆ 6,300. ಒಟ್ಟು ಮೊತ್ತ ನೋಡಿ ಸೈನ್ ಹಾಕಬೇಡಿ, ಒಳಗಡೆ ಹಂಚಿಕೆ ನೋಡಿ. ದಿರ್ಹಮ್ ಡಾಲರ್‌ಗೆ ಕಟ್ಟಿಹಾಕಿದ ಕರೆನ್ಸಿ ಆಗಿರೋದ್ರಿಂದ ರೂಪಾಯಿ ಇಳಿದಾಗ ಊರಿಗೆ ಕಳಿಸೋರಿಗೆ ಲಾಭ, ಮಂಗಳೂರು ಉಡುಪಿ ಭಟ್ಕಳದ ಕಡೆ ಮನೆ ಮನೆಗೂ ಈ ಲೆಕ್ಕ ಬಾಯಿಪಾಠ. ಆದ್ರೆ ಎಷ್ಟು ವರ್ಷ ಇದ್ರೂ ಸಾಮಾನ್ಯವಾಗಿ ನಿಮ್ಮ ವೀಸಾ ಕೆಲಸದ ಜೊತೆಗೆ ಅಂಟಿಕೊಂಡಿರತ್ತೆ, ಸಂಗಾತಿಯ ವೀಸಾ ನಿಮ್ಮ ವೀಸಾ ಜೊತೆಗೆ. ಕೆಲಸ ಹೋದ್ರೆ ಇಬ್ರಿಗೂ ಒಟ್ಟಿಗೇ ತೊಂದರೆ.

ಯುಕೆ ಲೆಕ್ಕ ಪೂರ್ತಿ ಉಲ್ಟಾ. ಇಲ್ಲಿ ಮನೆ ಸೇರೋ ಖರ್ಚು ಮಿತಿಯಲ್ಲಿದೆ, ಒಳಗೆ ಬಿಡೋಕೇ ಜಾಸ್ತಿ ಕೇಳ್ತಾರೆ. ಸ್ಕಿಲ್ಡ್ ವರ್ಕರ್ ವೀಸಾ ಮೂರು ವರ್ಷದ ಒಳಗಿನದ್ದಕ್ಕೆ ತಲೆಗೆ 769 ಪೌಂಡ್, ಅದರ ಜೊತೆ ಅಲ್ಲಿನ ಸರ್ಕಾರಿ ಆಸ್ಪತ್ರೆ ಸೇವೆಗೆ ಅಂತ ಹೆಲ್ತ್ ಸರ್‌ಚಾರ್ಜ್ ತಲೆಗೆ ವರ್ಷಕ್ಕೆ 1,035 ಪೌಂಡ್, ಅದನ್ನ ವೀಸಾದ ಅಷ್ಟೂ ವರ್ಷಕ್ಕೆ ಅಪ್ಲೈ ಮಾಡೋವಾಗ್ಲೇ ಒಂದೇ ಕಂತಲ್ಲಿ ಕಟ್ಟಬೇಕು. ಡಿಪೆಂಡೆಂಟ್ ಅಂತ ರಿಯಾಯಿತಿ ಇಲ್ಲ. ಇಬ್ರಿಗೆ ಮೂರು ವರ್ಷಕ್ಕೆ ಸರ್‌ಚಾರ್ಜ್ 6,210, ವೀಸಾ 1,538, ಒಟ್ಟು 7,748 ಪೌಂಡ್, ಸುಮಾರು ಒಂಬತ್ತು ಲಕ್ಷ ಮೂವತ್ತು ಸಾವಿರ. ಇದಿಷ್ಟೂ ನೀವು ಇನ್ನೂ ಜಯನಗರದಲ್ಲೋ ಹುಬ್ಬಳ್ಳಿಯಲ್ಲೋ ಕೂತಿರೋವಾಗ್ಲೇ ಕಾರ್ಡಿಂದ ಹೋಗತ್ತೆ. ವೀಸಾ ರಿಜೆಕ್ಟ್ ಆದ್ರೆ ಸರ್‌ಚಾರ್ಜ್ ವಾಪಸ್ ಬರತ್ತೆ, ಆದ್ರೆ ಹೋಗಿ ಒಂದು ವರ್ಷಕ್ಕೆ ಬೇಜಾರಾಗಿ ವಾಪಸ್ ಬಂದ್ರೆ ಉಳಿದ ಎರಡು ವರ್ಷದ್ದು ಬರಲ್ಲ. ಕಂಪನಿ ಇದನ್ನ ಕೊಡತ್ತಾ, ಕೊಟ್ರೆ ನಿಮಗೊಬ್ರಿಗಾ ಇಬ್ರಿಗಾ, ಬೇಗ ಕೆಲಸ ಬಿಟ್ರೆ ವಾಪಸ್ ಕೇಳ್ತಾರಾ, ಈ ಮೂರು ಪ್ರಶ್ನೆಯ ಉತ್ತರದ ಮೇಲೇ ಯುಕೆ ಆಫರ್ ನಿಂತಿರತ್ತೆ. ಸ್ಪಾನ್ಸರ್ ಕಂಪನಿ ಜವಾಬ್ದಾರಿ ತಗೊಳ್ದಿದ್ರೆ ಅಕೌಂಟಲ್ಲಿ ನಿಮ್ಮ ಹೆಸರಿಗೆ 1,270, ಸಂಗಾತಿಗೆ 285 ಪೌಂಡ್ 28 ದಿನ ಅಲುಗಾಡದೆ ಇರಬೇಕು. ಭಾರತದಿಂದ ಹೋಗೋರಿಗೆ ಟಿಬಿ ಟೆಸ್ಟ್ ಬೇರೆ.

ಅಲ್ಲಿ ಇಳಿದ ಮೇಲೆ ಮಾತ್ರ ಉಸಿರಾಡ್ಬೋದು. ಇಂಗ್ಲೆಂಡಲ್ಲಿ ಸಾಮಾನ್ಯ ಬಾಡಿಗೆ ಮನೆಗೆ ಡೆಪಾಸಿಟ್ ಐದು ವಾರದ ಬಾಡಿಗೆಗಿಂತ ಜಾಸ್ತಿ ಕೇಳೋ ಹಾಗಿಲ್ಲ, 2019ರಿಂದ ಕಾನೂನೇ ಇದೆ. ತಿಂಗಳಿಗೆ 1,500 ಪೌಂಡ್‌ನ ಮನೆಗೆ ಡೆಪಾಸಿಟ್ ಸುಮಾರು 1,730, ಮೊದಲ ತಿಂಗಳು ಸೇರಿ ನಾಲ್ಕು ಲಕ್ಷದ ಒಳಗೆ ಮುಗಿಯತ್ತೆ. ಕೌನ್ಸಿಲ್ ಟ್ಯಾಕ್ಸ್ ಮರೀಬೇಡಿ, ಅದು ಅಲ್ಲಿನ ಸ್ಥಳೀಯ ಆಡಳಿತದ ಮನೆ ತೆರಿಗೆ, ಅದನ್ನ ಬಾಡಿಗೆದಾರರೇ ಕಟ್ಟೋದು. 50,000 ಪೌಂಡ್ ಸಂಬಳಕ್ಕೆ ಟ್ಯಾಕ್ಸ್, ನ್ಯಾಷನಲ್ ಇನ್ಶೂರೆನ್ಸ್ ಹೋಗಿ ತಿಂಗಳಿಗೆ 3,290 ಹತ್ರ ಕೈಗೆ ಬರತ್ತೆ, ಪೆನ್ಷನ್ ಕಟ್ ಆದ್ರೆ ಇನ್ನೂ ಸ್ವಲ್ಪ ಕಮ್ಮಿ. ಮನೆಗೆ 1,500, ಕೌನ್ಸಿಲ್ ಟ್ಯಾಕ್ಸು ಕರೆಂಟು ಗ್ಯಾಸು ಓಡಾಟ ಊಟ ಅಂತ ತೆಗೆದ್ರೆ ಒಂದು ಸಂಬಳದಲ್ಲಿ ಊರಿನ ದೊಡ್ಡ ಇಎಂಐ ಕಷ್ಟ. ಆದ್ರೆ ಮೂರನೇ ಮಾನದಂಡದಲ್ಲಿ ಯುಕೆನ ಮೀರಿಸೋದು ಯಾವ್ದೂ ಇಲ್ಲ, ಡಿಪೆಂಡೆಂಟ್ ವೀಸಾದಲ್ಲಿ ಹೋದೋರು ಬಂದ ದಿನದಿಂದ ಹೆಚ್ಚುಕಮ್ಮಿ ಯಾವ ಕೆಲಸ ಬೇಕಾದ್ರೂ ಮಾಡ್ಬೋದು, ಭಾಷೆಯ ಅಡ್ಡಿ ಇಲ್ಲ. ಊರಲ್ಲಿ ಟೀಚರ್, ನರ್ಸ್, ಎಚ್‌ಆರ್, ಅಕೌಂಟ್ಸ್ ಮಾಡ್ತಿದ್ದೋರಿಗೆ ಜನರ ಜೊತೆ ಮಾತಾಡೋದೇ ಕೆಲಸ, ಅಂಥ ಸಂಗಾತಿ ಇದ್ರೆ ಆ ಒಂಬತ್ತು ಲಕ್ಷನ ಎರಡನೇ ಸಂಬಳಕ್ಕೆ ಕೊಟ್ಟ ಪ್ರವೇಶ ಶುಲ್ಕ ಅಂತ ನೋಡ್ಬೋದು. ಆದ್ರೆ ನರ್ಸ್‌ಗೆ ಅಲ್ಲಿನ ರಿಜಿಸ್ಟ್ರೇಷನ್ ಪರೀಕ್ಷೆಗಳಿವೆ, ಅದಕ್ಕೆ ಬೇರೆ ಸಮಯ ಮತ್ತು ದುಡ್ಡು ಎತ್ತಿಡಿ.

ಜರ್ಮನಿ ಬಗ್ಗೆ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಒಬ್ರು ಮಾತ್ರ ದುಡಿಯೋ ಜೋಡಿಗೆ ಇಷ್ಟು ಆಸರೆ ಕೊಡೋ ಬೇರೆ ದೇಶ ಈ ನಾಲ್ಕರಲ್ಲಿಲ್ಲ, ಆದ್ರೆ ಸಂಬಳದ ಸ್ಲಿಪ್ ಮೇಲ್ಮೇಲೆ ನೋಡಿದೋರು ಹೆದರಿಕೊಂಡು ಆಫರ್ ಬಿಟ್ಟುಬಿಡ್ತಾರೆ. ವೀಸಾ ತಲೆಗೆ 75 ಯೂರೋ, ಇಬ್ರಿಗೂ ಸೇರಿ ಹದಿನೈದು ಸಾವಿರ ರೂಪಾಯಿ ಅಷ್ಟೇ. ಬ್ಲೂ ಕಾರ್ಡ್ ಅನ್ನೋ ಓದಿದೋರ ಕೆಲಸದ ಪರ್ಮಿಟ್‌ಗೆ 2025ರಲ್ಲಿ ವರ್ಷದ ಸಂಬಳ ಕನಿಷ್ಠ 48,300 ಯೂರೋ ಇರಬೇಕಿತ್ತು, ಐಟಿ ಥರ ಜನ ಸಾಲದೆ ಇರೋ ಕೆಲಸಗಳಿಗೆ 43,760ರ ಹತ್ರ. ಬ್ಲೂ ಕಾರ್ಡ್ ಇದ್ದೋರ ಸಂಗಾತಿಗೆ ವೀಸಾಗೆ ಜರ್ಮನ್ ಸರ್ಟಿಫಿಕೇಟ್ ಬೇಡ, ಕೆಲಸ ಮಾಡೋ ಹಕ್ಕೂ ಪೂರ್ತಿ ಇದೆ.

ಈಗ 60,000 ಯೂರೋ ಸಂಬಳ ಹಿಡಿಯಿರಿ. ಮದ್ವೆ ಆಗಿದ್ಯಾ, ಸಂಗಾತಿ ಜೊತೆಗಿದಾರಾ ಅನ್ನೋದರ ಮೇಲೆ ತಿಂಗಳಿಗೆ ಎಷ್ಟು ಟ್ಯಾಕ್ಸ್ ಹಿಡೀಬೇಕು ಅಂತ ಅಲ್ಲಿ ಟ್ಯಾಕ್ಸ್ ಕ್ಲಾಸ್ ಇರತ್ತೆ. ಒಬ್ರೇ ಹೋಗಿ ಕ್ಲಾಸ್ 1ರಲ್ಲಿದ್ರೆ ತಿಂಗಳಿಗೆ ಕೈಗೆ ಬರೋದು ಸುಮಾರು 3,100. ಸಂಗಾತಿ ಅಲ್ಲೇ ಜೊತೆಗೆ ವಾಸ ಇದ್ದು ಕ್ಲಾಸ್ 3 ತಗೊಂಡ್ರೆ ಅದೇ ಸಂಬಳಕ್ಕೆ 3,500ರ ಹತ್ರ ಬರತ್ತೆ, ತಿಂಗಳಿಗೆ 380 ಯೂರೋ ಜಾಸ್ತಿ. ಇದು ತಾನಾಗಿ ಆಗಲ್ಲ, ಇಬ್ರೂ ವಿಳಾಸ ರಿಜಿಸ್ಟರ್ ಮಾಡಿದಾಗ ಇಬ್ರಿಗೂ ಕ್ಲಾಸ್ 4 ಹಾಕ್ತಾರೆ, ನಿಮಗೆ 3, ಸಂಗಾತಿಗೆ 5 ಬೇಕು ಅಂತ ಟ್ಯಾಕ್ಸ್ ಆಫೀಸಿಗೆ ಅರ್ಜಿ ಕೊಡಬೇಕು. ಇನ್ನೊಂದು ಉಳಿತಾಯ ಇನ್ಶೂರೆನ್ಸಲ್ಲಿ, ನೀವು ಸರ್ಕಾರಿ ಹೆಲ್ತ್ ಇನ್ಶೂರೆನ್ಸಲ್ಲಿದ್ರೆ ಸಂಬಳ ಇಲ್ಲದ ಸಂಗಾತಿ ಒಂದು ಪೈಸೆ ಜಾಸ್ತಿ ಕಟ್ಟದೆ ಅದರಲ್ಲೇ ಸೇರ್ತಾರೆ. ಪ್ರೈವೇಟ್ ಇನ್ಶೂರೆನ್ಸ್ ಅಗ್ಗ ಅಂತ ಏಜೆಂಟ್ ಹೇಳಿದ್ರೆ ಜೋಡಿಯಾಗಿ ಹೋಗೋರು ಎರಡು ಸಲ ಯೋಚಿಸಿ, ಅಲ್ಲಿ ಪ್ರತಿಯೊಬ್ರಿಗೂ ಬೇರೆ ಬೇರೆ ಪ್ರೀಮಿಯಂ.

ಮನೆ ವಿಷಯ ಮಾತ್ರ ತಾಳ್ಮೆ ಪರೀಕ್ಷೆ. ಓನರ್‌ಗಳು ಮೂರು ತಿಂಗಳ ಸ್ಯಾಲರಿ ಸ್ಲಿಪ್ಪು, ಶೂಫಾ ಅಂತ ಕ್ರೆಡಿಟ್ ರಿಪೋರ್ಟು ಕೇಳ್ತಾರೆ, ಹೊಸಬರ ಹತ್ರ ಎರಡೂ ಇರಲ್ಲ, ಹಾಗಾಗಿ ಮೊದಲ ಎರಡು ಮೂರು ತಿಂಗಳು ಫರ್ನಿಶ್ಡ್ ಮನೆಯ ದುಬಾರಿ ಬಾಡಿಗೆನ ಬಜೆಟಲ್ಲಿ ಹಾಕಲೇಬೇಕು, ಅದನ್ನ ಬಿಟ್ಟು ಲೆಕ್ಕ ಮಾಡಿದ್ರೆ ಮೂರನೇ ತಿಂಗಳಿಗೆ ಊರಿಂದ ದುಡ್ಡು ತರಿಸಬೇಕಾಗತ್ತೆ. ಆ ತಾತ್ಕಾಲಿಕ ಮನೇಲಿ ಅನ್‌ಮೆಲ್ಡುಂಗ್, ಅಂದ್ರೆ ವಿಳಾಸದ ರಿಜಿಸ್ಟ್ರೇಷನ್ ಮಾಡೋಕೆ ಓನರ್ ಕಾಗದ ಕೊಡ್ತಾರಾ ಅಂತ ಬುಕ್ ಮಾಡೋ ಮುಂಚೆ ಕೇಳಿ. ವಿಳಾಸ ರಿಜಿಸ್ಟರ್ ಆಗ್ದೆ ಟ್ಯಾಕ್ಸ್ ಐಡಿ ಬರಲ್ಲ, ಟ್ಯಾಕ್ಸ್ ಐಡಿ ಇಲ್ದೆ ಸಂಬಳ ಅತಿ ಜಾಸ್ತಿ ಕಟ್ ಆಗೋ ಕ್ಲಾಸ್ 6ರಲ್ಲಿ ಬರ್ಬೋದು, ಆಮೇಲೆ ವಾಪಸ್ ಸಿಗತ್ತೆ ನಿಜ, ಆದ್ರೆ ನಿಮಗೆ ದುಡ್ಡು ಬೇಕಿರೋದು ಆ ತಿಂಗಳೇ. ಸ್ವಂತ ಬಾಡಿಗೆ ಮನೆ ಸಿಕ್ಕಾಗ ಡೆಪಾಸಿಟ್ ಮೂರು ತಿಂಗಳ ಕೋಲ್ಡ್ ರೆಂಟ್ ಮೀರೋ ಹಾಗಿಲ್ಲ, ಅದನ್ನ ಮೂರು ಕಂತಲ್ಲಿ ಕೊಡೋ ಹಕ್ಕು ಕಾನೂನಲ್ಲೇ ಇದೆ. ಕೋಲ್ಡ್ ರೆಂಟ್ ಅಂದ್ರೆ ಬರೀ ಮನೆಯದ್ದು, ಹೀಟಿಂಗು ನೀರು ಮೇಂಟೆನೆನ್ಸ್ ಸೇರಿದ್ರೆ ವಾರ್ಮ್ ರೆಂಟ್, ಕರೆಂಟು ಇಂಟರ್‌ನೆಟ್ ಅದಕ್ಕೂ ಬೇರೆ. 1,050 ಕೋಲ್ಡ್, 1,300 ವಾರ್ಮ್ ಇರೋ ಮನೆಗೆ ಡೆಪಾಸಿಟ್ 3,150, ಮೊದಲ ತಿಂಗಳು 1,300, ಒಟ್ಟು ನಾಲ್ಕೂವರೆ ಲಕ್ಷದ ಹತ್ರ. ಎಷ್ಟೋ ಮನೇಲಿ ಅಡುಗೆಮನೆಯೇ ಇರಲ್ಲ, ಸಿಂಕು ಒಲೆ ಕಪಾಟು ಎಲ್ಲಾ ಹಿಂದಿನೋರು ಬಿಚ್ಚಿಕೊಂಡು ಹೋಗಿರ್ತಾರೆ, ಗೋಡೆಯಲ್ಲಿ ನಲ್ಲಿ ಪೈಪು ಮಾತ್ರ ಕಾಣತ್ತೆ. ಅವರ ಹಳೇ ಕಿಚನ್ನನ್ನೇ ಅರ್ಧ ಬೆಲೆಗೆ ಕೊಂಡ್ಕೊಳ್ಳೋದು ವಾಸಿ.

ಜರ್ಮನಿಯ ತೂಕ ಕಮ್ಮಿ ಆಗೋದು ಎರಡನೇ ಸಂಬಳದಲ್ಲಿ. ಸಂಗಾತಿ ಸಾಫ್ಟ್‌ವೇರಲ್ಲಿದ್ರೆ ಬರ್ಲಿನ್, ಮ್ಯೂನಿಕ್ ಕಡೆ ಇಂಗ್ಲಿಷಲ್ಲೇ ಕೆಲಸ ಸಿಗ್ಬೋದು. ಬೇರೆ ಕ್ಷೇತ್ರ ಆದ್ರೆ ಜರ್ಮನ್ ಬಿ1, ಬಿ2 ಮಟ್ಟದವರೆಗೆ ಕಲಿಬೇಕು (ಎ1 ಶುರುವಿನ ಮಟ್ಟ, ಆಮೇಲೆ ಎ2, ಬಿ1, ಬಿ2), ಅಂದ್ರೆ ಒಂದು ವರ್ಷ ಒಂದೇ ಸಂಬಳ ಅಂತ ಮನಸ್ಸು ಮಾಡ್ಕೊಂಡೇ ಹೋಗ್ಬೇಕು. ಬೆಂಗ್ಳೂರಲ್ಲಿ ಇಂದಿರಾನಗರದ ಮ್ಯಾಕ್ಸ್ ಮ್ಯೂಲರ್ ಭವನದಲ್ಲಿ ಎ1, ಎ2 ಮುಗಿಸಿಕೊಂಡು ಹೋದ್ರೆ ಆ ವರ್ಷ ಅಷ್ಟು ಕಮ್ಮಿ ಆಗತ್ತೆ, ವೀಸಾಗೆ ಬೇಡ ಅಂತ ಸುಮ್ನಿರಬೇಡಿ. ಬ್ಲೂ ಕಾರ್ಡ್‌ನೋರಿಗೆ ಬಿ1 ಜರ್ಮನ್ ಇದ್ರೆ 21 ತಿಂಗಳಿಗೆ, ಎ1 ಇದ್ರೆ 27 ತಿಂಗಳಿಗೆ ಪರ್ಮನೆಂಟ್ ರೆಸಿಡೆನ್ಸಿ ಸಿಗತ್ತೆ ಅನ್ನೋದೂ ಈ ಲೆಕ್ಕದಲ್ಲಿ ಬರತ್ತೆ.

ನೆದರ್ಲೆಂಡ್ಸ್ ಅಂದ್ರೆ 30 ಪರ್ಸೆಂಟ್ ರೂಲಿಂಗ್. ಹೊರಗಿಂದ ಕರೆಸಿಕೊಂಡ ಉದ್ಯೋಗಿಗೆ ಸಂಬಳದ 30 ಪರ್ಸೆಂಟ್ ವರೆಗೆ ಟ್ಯಾಕ್ಸ್ ಇಲ್ಲ, ಗರಿಷ್ಠ ಐದು ವರ್ಷ, 2027ರಿಂದ ಅದು 27 ಪರ್ಸೆಂಟ್‌ಗೆ ಇಳಿಯತ್ತೆ. ಇದರಲ್ಲಿ ಎಷ್ಟೋ ಜನ ಗಮನಿಸದ ಒಂದು ಷರತ್ತು ಇದೆ, ಆ 30 ತೆಗೆದ ಮೇಲೆ ಉಳಿಯೋ ಟ್ಯಾಕ್ಸಬಲ್ ಸಂಬಳ 46,660 ಯೂರೋಗಿಂತ (2025ರ ಮಿತಿ) ಕೆಳಗೆ ಹೋಗೋ ಹಾಗಿಲ್ಲ. 60,000 ಸಂಬಳಕ್ಕೆ ಪೂರ್ತಿ 18,000 ಸಿಗಲ್ಲ, 13,340 ಮಾತ್ರ. ಪೂರ್ತಿ 30 ಸಿಗಬೇಕಂದ್ರೆ ಸಂಬಳ 66,700ರ ಹತ್ರ ಇರಬೇಕು. ಹಾಗಿದ್ರೂ 60,000ಕ್ಕೆ ಪೆನ್ಷನ್ ಕಟ್ ಆಗೋ ಮುಂಚೆ ತಿಂಗಳ ಸರಾಸರಿ 4,200 ಬರತ್ತೆ, ರೂಲಿಂಗ್ ಇಲ್ದಿದ್ರೆ 3,640. ಈ ಸರಾಸರೀಲಿ 8 ಪರ್ಸೆಂಟ್ ಹಾಲಿಡೇ ಅಲವೆನ್ಸ್ ಸೇರಿದೆ, ಅದು ಸಾಮಾನ್ಯವಾಗಿ ಮೇ ತಿಂಗಳಲ್ಲಿ ಒಟ್ಟಿಗೆ ಬರತ್ತೆ, ಹಾಗಾಗಿ ಉಳಿದ ತಿಂಗಳು ಕೈಗೆ ಬರೋದು ಸ್ವಲ್ಪ ಕಮ್ಮಿ. ಕೆಲಸ ಶುರುವಾದ ನಾಲ್ಕು ತಿಂಗಳೊಳಗೆ ಅರ್ಜಿ ಹಾಕಿದ್ರೆ ಮಾತ್ರ ಮೊದಲ ದಿನದಿಂದ ಅನ್ವಯ.

ಜರ್ಮನಿಗಿಂತ ಕೈಗೆ ಜಾಸ್ತಿ ಬಂದಂಗೆ ಕಂಡ್ರೂ ಅಲ್ಲಿ ಹೆಲ್ತ್ ಇನ್ಶೂರೆನ್ಸ್ ಇಬ್ರೂ ಬೇರೆ ಬೇರೆ ಕಟ್ಟಬೇಕು, ತಲೆಗೆ ತಿಂಗಳಿಗೆ 160 ಯೂರೋ ಆಸುಪಾಸು, ಅದರ ಮೇಲೆ ಆಸ್ಪತ್ರೆ ಖರ್ಚಲ್ಲಿ ವರ್ಷಕ್ಕೆ ಮೊದಲ 385 ಯೂರೋ ನಿಮ್ಮದೇ. ಬಾಡಿಗೆ ಡೆಪಾಸಿಟ್ 2023ರ ಜುಲೈಯಿಂದ ಎರಡು ತಿಂಗಳ ಬಾಡಿಗೆಗೆ ಮಿತಿ. ಆಮ್‌ಸ್ಟೆಲ್‌ವೀನ್, ಐಂಡ್‌ಹೋವೆನ್ ಕಡೆ ನಮ್ಮೋರು ತುಂಬಾ ಇದಾರೆ, ಆದ್ರೆ ಮನೆ ಸಿಗೋದು ನಾಲ್ಕರಲ್ಲೂ ಇಲ್ಲೇ ಕಷ್ಟ ಅಂತ ನನ್ನ ಅಭಿಪ್ರಾಯ. ಖಾಲಿ ಮನೆ ಅಂದ್ರೆ ನೆಲಕ್ಕೆ ಹಾಸೂ ಇರಲ್ಲ, ಬರೀ ಸಿಮೆಂಟು. ಸಂಗಾತಿಗೆ ಕೆಲಸದ ಹಕ್ಕು ಮೊದಲ ದಿನದಿಂದ, ಇಂಗ್ಲಿಷ್ ಆಫೀಸುಗಳು ಜರ್ಮನಿಗಿಂತ ಜಾಸ್ತಿ. ಐದು ವರ್ಷ ಆದ ಮೇಲೆ ರೂಲಿಂಗ್ ನಿಂತ ತಿಂಗಳು ಸಂಬಳ ಧಡ್ ಅಂತ ಇಳಿಯತ್ತೆ, ಆ ಹೊತ್ತಿಗೆ ಎರಡನೇ ಸಂಬಳ ಬರ್ತಿರಬೇಕು, ಇಲ್ಲಾಂದ್ರೆ ಮನೆ ಬದಲಾಯಿಸಬೇಕಾಗತ್ತೆ.

ಇನ್ನು ಒಟ್ಟಿಗೆ ಹೋಗೋದಾ, ಒಬ್ರು ಮೊದಲು ಹೋಗಿ ಇನ್ನೊಬ್ರು ಆಮೇಲಾ. ದುಬೈಗೆ ಮತ್ತು ನೆದರ್ಲೆಂಡ್ಸ್‌ಗೆ ಒಬ್ರು ಮೊದಲು ಹೋಗಿ ಮನೆ ಗಟ್ಟಿ ಮಾಡ್ಕೊಳ್ಳೋದು ಒಳ್ಳೇದು, ಅಷ್ಟು ತಿಂಗಳು ಇಲ್ಲಿನ ಎರಡನೇ ಸಂಬಳವೂ ಬರ್ತಿರತ್ತೆ, ಅದರಲ್ಲೇ ಅಲ್ಲಿನ ಡೆಪಾಸಿಟ್ ತೀರತ್ತೆ. ಜರ್ಮನಿಗೆ ತುಂಬಾ ತಡ ಮಾಡಿದ್ರೆ ಟ್ಯಾಕ್ಸ್ ಕ್ಲಾಸ್ ಲಾಭ ತಪ್ಪತ್ತೆ, ಆದ್ರೂ ಸಂಗಾತಿಗೆ ಇಲ್ಲಿ ಒಳ್ಳೆ ಸಂಬಳ ಇದ್ರೆ 380 ಯೂರೋಗೋಸ್ಕರ ಅದನ್ನ ಬೇಗ ಬಿಡೋದು ಬೇಡ. ಯುಕೆಗೆ ಡಿಪೆಂಡೆಂಟ್ ಆಮೇಲೆ ಅಪ್ಲೈ ಮಾಡಿದ್ರೆ ನಿಮ್ಮ ವೀಸಾದಲ್ಲಿ ಉಳಿದ ಅವಧಿಗೆ ಮಾತ್ರ ಸರ್‌ಚಾರ್ಜ್, ಸ್ವಲ್ಪ ಉಳಿಯತ್ತೆ.

ಇಲ್ಲಿಂದ ಹೊರಡೋ ಖರ್ಚಲ್ಲಿ ದೊಡ್ಡದು ಯಾವ್ದೂ ಇಲ್ಲ, ಆದ್ರೆ ತಡ ಆದ್ರೆ ಎಲ್ಲಾ ದುಬಾರಿ. ಕಲ್ಯಾಣ ಮಂಟಪದಲ್ಲಿ ಮದ್ವೆ ಆಗಿ ರಿಜಿಸ್ಟರ್ ಮಾಡಿಸದೇ ಇರೋರು ಇವತ್ತೇ ಸಬ್ ರಿಜಿಸ್ಟ್ರಾರ್ ಆಫೀಸಿನ ಕೆಲಸ ಮುಗಿಸಿ, ಕಾವೇರಿ 2.0 ಪೋರ್ಟಲಲ್ಲೂ ಅರ್ಜಿ ಹಾಕ್ಬೋದು. ನಮ್ಮ ಕಡೆ ಇನಿಶಿಯಲ್ ತೊಂದರೆ ಇದ್ದೇ ಇರತ್ತೆ, ಪಾಸ್‌ಪೋರ್ಟಲ್ಲಿ ಅಪ್ಪನ ಹೆಸರು ಪೂರ್ತಿ ಬಿಡಿಸಿ ಬರೆದಿರ್ತಾರೆ, ಮದ್ವೆ ಸರ್ಟಿಫಿಕೇಟಲ್ಲಿ ಬರೀ ಒಂದು ಅಕ್ಷರ ಇರತ್ತೆ. ಪಾಸ್‌ಪೋರ್ಟಲ್ಲಿ ಇರೋ ಹಾಗೇ ಸರ್ಟಿಫಿಕೇಟ್ ಮಾಡಿಸಿ, ಅಟೆಸ್ಟೇಷನ್‌ಗೆ, ಅಂದ್ರೆ ಸರ್ಕಾರಿ ದೃಢೀಕರಣಕ್ಕೆ ಕಳಿಸೋದು ಆಮೇಲೆ. ದುಡ್ಡು ಕಳಿಸೋವಾಗ ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷ ದಾಟಿದ ಮೊತ್ತಕ್ಕೆ ಬ್ಯಾಂಕು 20 ಪರ್ಸೆಂಟ್ ಟಿಸಿಎಸ್ ಅಂತ ಮುಂಗಡ ಟ್ಯಾಕ್ಸ್ ಹಿಡಿಯತ್ತೆ, ಐಟಿ ರಿಟರ್ನ್ಸಲ್ಲಿ ವಾಪಸ್ ಸಿಗತ್ತೆ ಆದ್ರೆ ತಿಂಗಳುಗಟ್ಟಲೆ ಸಿಕ್ಕಿಹಾಕ್ಕೊಂಡಿರತ್ತೆ. ಆ ಮಿತಿ ತಲೆಗೆ ಲೆಕ್ಕ, ಹಾಗಾಗಿ ಇಬ್ರ ಸ್ವಂತ ಉಳಿತಾಯನ ಇಬ್ರ ಅಕೌಂಟಿಂದ ಕಳಿಸಿ. ಸಾರಿನ ಪುಡಿ, ಚಟ್ನಿ ಪುಡಿ ಧಾರಾಳವಾಗಿ ತಗೊಂಡು ಹೋಗಿ, ಆದ್ರೆ ಜರ್ಮನಿ ನೆದರ್ಲೆಂಡ್ಸ್‌ಗೆ ಹೊರಗಿಂದ ಹಾಲಿನ ಪದಾರ್ಥ ತರೋ ಹಾಗಿಲ್ಲ, ಅಮ್ಮ ಕಾಯಿಸಿದ ತುಪ್ಪ, ಧಾರವಾಡ ಪೇಡ ಮನೇಲೇ ಬಿಡಿ. ದುಬೈಗೆ ಹೋಗೋರು ಗಸಗಸೆಯ ಒಂದು ಕಾಳೂ ಬ್ಯಾಗಲ್ಲಿ ಇರದ ಹಾಗೆ ನೋಡ್ಕೊಳ್ಳಿ, ಅಲ್ಲಿ ಅದು ನಿಷೇಧ, ಜೈಲಿನ ವಿಷಯ.

ನನ್ನ ತೀರ್ಮಾನ ಕೇಳಿದ್ರೆ ಹೀಗೆ. ಮೂರ್ನಾಲ್ಕು ವರ್ಷ ದುಡಿದು ಸಾಲ ತೀರಿಸಿ ಅಪ್ಪ ಅಮ್ಮನ ಹತ್ರ ವಾಪಸ್ ಬರೋ ಮನಸ್ಸಿದ್ದು ಕೈಯಲ್ಲಿ ಹತ್ತು ಲಕ್ಷ ಇದ್ರೆ ದುಬೈ, ಅದೂ ಒಂದಕ್ಕಿಂತ ಜಾಸ್ತಿ ಚೆಕ್ ಒಪ್ಪೋ ಮನೆ ಸಿಕ್ಕಿದ್ರೆ. ಸಂಗಾತಿಯ ಕೆಲಸ ನಿಲ್ಲಲೇಬಾರದು, ಕಂಪನಿ ಇಬ್ರ ಸರ್‌ಚಾರ್ಜ್ ಕೊಡತ್ತೆ ಅಂದ್ರೆ ಯುಕೆ. ಕಂಪನಿ ಕೊಡಲ್ಲ ಅಂದ್ರೆ, ಹದಿನಾಲ್ಕು ಹದಿನೈದು ಲಕ್ಷ ಸ್ವಂತ ಉಳಿತಾಯ ಇಲ್ದೆ ಯುಕೆಗೆ ಹೊರಡಬೇಡಿ, ಪರ್ಸನಲ್ ಲೋನ್ ತಗೊಂಡಂತೂ ಬೇಡವೇ ಬೇಡ. ಕೈಯಲ್ಲಿ ಏಳೆಂಟು ಲಕ್ಷ ಅಷ್ಟೇ ಇದೆ, ಒಬ್ರು ಒಂದು ವರ್ಷ ಭಾಷೆ ಕಲಿಯೋಕೆ ಅಥವಾ ಮಗು ಮಾಡ್ಕೊಳ್ಳೋಕೆ ತಯಾರಿದಾರೆ, ಅಲ್ಲೇ ನೆಲೆ ನಿಲ್ಲೋ ಯೋಚನೆ ಇದೆ ಅನ್ನೋರಿಗೆ ಜರ್ಮನಿಯೇ ಸರಿ. ಇಬ್ರೂ ಐಟಿ, ಆಫರ್ 67,000 ಯೂರೋ ಮೇಲಿದೆ, ಕಂಪನಿ ಮೊದಲ ಎರಡು ತಿಂಗಳು ಮನೆ ಕೊಡತ್ತೆ ಅಂದ್ರೆ ನೆದರ್ಲೆಂಡ್ಸ್. ಎಲ್ಲಿಗೆ ಹೋದ್ರೂ ಈ ಖರ್ಚುಗಳ ಮೇಲೆ ಮೂರು ತಿಂಗಳ ಜೀವನದ ದುಡ್ಡು ಮುಟ್ಟದೆ ಇಟ್ಟಿರಿ, ಯಾಕಂದ್ರೆ ಕೆಲಸ ಹೋದ್ರೆ ಬೇರೆ ಹುಡುಕೋಕೆ ಯುಕೆಯಲ್ಲಿ ಸಾಮಾನ್ಯವಾಗಿ 60 ದಿನ, ನೆದರ್ಲೆಂಡ್ಸಲ್ಲಿ ಹೆಚ್ಚಂದ್ರೆ ಮೂರು ತಿಂಗಳು ಸಿಗತ್ತೆ.

ಸೈನ್ ಹಾಕೋ ಮುಂಚೆ ಎಚ್‌ಆರ್‌ಗೆ ಒಂದು ಮೇಲ್ ಹಾಕಿ, ಫೋನಲ್ಲಿ ಕೇಳಿದ್ರೆ ಸಾಲದು, ಬರವಣಿಗೆಯಲ್ಲಿ ಉತ್ತರ ಬೇಕು. ಸಂಗಾತಿಯ ವೀಸಾ, ಟಿಕೆಟ್, ಇನ್ಶೂರೆನ್ಸ್ ಯಾರ ಖರ್ಚು, ತಾತ್ಕಾಲಿಕ ಮನೆ ಎಷ್ಟು ದಿನ, ಅದು ಇಬ್ರಿಗೆ ಸಾಲೋ ಮನೆನಾ, ರಿಲೊಕೇಶನ್ ದುಡ್ಡು ಮುಂಚೆ ಕೊಡ್ತಾರಾ ಬಿಲ್ ತೋರಿಸಿದ ಮೇಲಾ, ಅದರ ಮೇಲೆ ಟ್ಯಾಕ್ಸ್ ಹಿಡೀತಾರಾ, ಮತ್ತೆ ಒಂದು ವರ್ಷದೊಳಗೆ ಕೆಲಸ ಬಿಟ್ರೆ ಅಥವಾ ಅವರೇ ತೆಗೆದ್ರೆ ಎಷ್ಟು ವಾಪಸ್ ಕೊಡಬೇಕು.